ಬುಗುರಿಯ ಬಿಳಿ ಪ್ಯಾಂಟು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಹಾಳೆ. ಗ್ರಂಥಾಲಯದ ಗೋಡೆಗೆ ಅಂಟಿಸಿದ್ದ ಅದನ್ನು ಬುಗುರಿ ಕಾಡಿ ಬೇಡಿ ಒಂದು ದಿನದ ಮಟ್ಟಿಗೆ ಇಸಿದುಕೊಂಡು ಬಂದಿದ್ದ. 'ಕಪೊಯೆರಾ, ಹೊಸಬರ ಮೊದಲ ತರಗತಿ. ಗುರುವಾರ ಸಂಜೆ ಆರಕ್ಕೆ, ಈಜುಕೊಳದ ಪಕ್ಕದ ಹಾಲ್. ಸಡಿಲವಾದ ಬಿಳಿ ಪ್ಯಾಂಟು, ಬರಿಗಾಲು, ಖಾಲಿ ಹೊಟ್ಟೆ ಕಡ್ಡಾಯ.'

ಕಪೊಯೆರಾ ದೂರದೇಶದ ಆಟ. ಕಾದಾಟವೋ ಕುಣಿತವೋ ನೋಡಿದವರಿಗೂ ಬೇಗ ತಿಳಿಯುವುದಿಲ್ಲ. ಕಾಲು ಬೀಸಿ ಗಿರ್ರನೆ ತಿರುಗಬೇಕು, ಆದರೆ ಬೀಳಬಾರದು. ನಮ್ಮವನಿಗೆ ಬೇಕಾದದ್ದೂ ಅದೇ. ಕಳೆದ ವರ್ಷ ಕಚೇರಿಯ ವಾರ್ಷಿಕೋತ್ಸವದಲ್ಲಿ ಕುಣಿಯಲು ಹೋಗಿ, ಎರಡು ಸುತ್ತು ತಿರುಗಿ, ಸೀದಾ ಮೇಲಧಿಕಾರಿಯ ತೊಡೆಯ ಮೇಲೆ ಹೋಗಿ ಕೂತಿದ್ದ. ಅಂದಿನಿಂದ ನಲವತ್ತು ಜನರ ಆ ಕಚೇರಿಯಲ್ಲಿ ಅವನು ಬುಗುರಿ. ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಗುರುತಿನವರ ಕಣ್ಣಿಗೆ ಬೀಳದೆ, ಅಪರಿಚಿತರ ನಡುವೆ ಬಿದ್ದೆದ್ದು ಕಲಿತು, ಈ ವರ್ಷ ಆ ಹೆಸರನ್ನು ಅಳಿಸಿಹಾಕಬೇಕೆಂಬುದು ಅವನ ಹಟ.

"ಯಾರಿಗೂ ಹೇಳ್ಬೇಡ ಕಣೇ," ಎಂದ ಹೆಂಡತಿಗೆ.

"ನಾನ್ ಹೇಳಲ್ಲ ರೀ. ಆದ್ರೆ ಬಿಳಿ ಪ್ಯಾಂಟು ಎಲ್ಲಿಂದ ತರ್ತೀರಾ?"

ಗುರುವಾರ ಬೆಳಿಗ್ಗೆ ಕಚೇರಿಗೆ ಎಲ್ಲರಿಗಿಂತ ಮೊದಲು ಹೋಗಿ ಹಾಳೆಯನ್ನು ಜೆರಾಕ್ಸ್ ಯಂತ್ರಕ್ಕಿಟ್ಟು ಗುಂಡಿ ಒತ್ತಿದ. ಒಂದು ಪ್ರತಿ ಬೀಳುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಡ್ ಗುಮಾಸ್ತರ ಬೂಟಿನ ಸದ್ದು! ಹಾಳೆಯನ್ನೂ ಪ್ರತಿಯನ್ನೂ ಕಿತ್ತುಕೊಂಡು ರೆಕಾರ್ಡ್ ರೂಮಿಗೆ ಓಡಿದ. ಹಿಂದೆ ಯಂತ್ರ ಇನ್ನೂ ಗೊಣಗುತ್ತಿತ್ತು. ಹಳೇ ಯಂತ್ರ, ಗೊಣಗುವುದು ಅದರ ಹುಟ್ಟುಗುಣ.

ಕಡತಗಳ ನಡುವೆ ಒಂದು ಕಾಲು ಹಿಂದೆ, ಒಂದು ಕಾಲು ಮುಂದೆ ಇಟ್ಟು ತೂಗಾಡುವುದನ್ನು ಅಭ್ಯಾಸ ಮಾಡುತ್ತಿದ್ದಾಗ ಟೈಪಿಸ್ಟ್ ಅಕ್ಕ ಬಂದೇಬಿಟ್ಟರು.

"ಅಯ್ಯೋ, ಏನಾಯ್ತ್ರೀ?"

"ಏನಿಲ್ಲ ಅಕ್ಕಾ… ಸೊಂಟ ನೋವು."

"ಬರೀ ಹೊಟ್ಟೇಲಿದ್ರೆ ನೋಯ್ದೇ ಇರುತ್ತಾ?" ಎಂದು ಎರಡು ಬನ್ನು ತಿನ್ನಿಸಿಯೇ ಬಿಟ್ಟರು. ಬೆಳಿಗ್ಗೆಯಿಂದ ಕಾಪಾಡಿಕೊಂಡಿದ್ದ ಖಾಲಿ ಹೊಟ್ಟೆಯ ಕತೆ ಅಲ್ಲಿಗೆ ಮುಗಿಯಿತು. ಕ್ಷಣದಲ್ಲಿ ಸುದ್ದಿ ಹಬ್ಬಿ, ಕಾವಲುಗಾರ ಎಣ್ಣೆ ಹಿಡಿದು ಓಡಿಬಂದ. ಮೇಜಿನ ಮೇಲೆ ಬೋರಲು ಮಲಗಿಸಿ, ಬೆನ್ನಿಗೆ ಮೊಣಕೈ ಊರಿ, ಇಲ್ಲದ ನೋವನ್ನು ನಿಜ ಮಾಡಿಟ್ಟ.

ಅದೇ ಹೊತ್ತಿಗೆ ಹೆಡ್ ಗುಮಾಸ್ತರು ಪುಸ್ತಕ ಚಾಚಿದರು. "ಸುತ್ತೋಲೆ. ಸಹಿ ಹಾಕಿ."

ಹದಿನಾರು ವರ್ಷದಿಂದ ಯಾವ ಸುತ್ತೋಲೆಯನ್ನೂ ಓದದವನು ಮಲಗಿದಲ್ಲೇ ಗೀಚಿದ. ತಲೆ ತುಂಬ ಪ್ಯಾಂಟೇ ಇತ್ತು.

ಐದಕ್ಕೆ ಬಟ್ಟೆ ಅಂಗಡಿಗೆ ಓಡಿದರೆ ಅಂಗಡಿಯವನು ಕೈ ಆಡಿಸಿದ. "ಬಿಳೀದು ಮಧ್ಯಾಹ್ನಾನೇ ಖಾಲಿ ಸಾರ್! ಒಬ್ಬರ ಹಿಂದೆ ಒಬ್ಬರು ಬಂದು ತಗೊಂಡು ಹೋದ್ರು. ಒಬ್ರ ಮುಖದಲ್ಲೂ ಖುಷಿ ಇರ್ಲಿಲ್ಲ, ಪಾಪ."

ಕೊನೆಗೆ ಕೈಹಿಡಿದವನು ಪಕ್ಕದ ಮನೆಯ ಬೇಕರಿಯವನು. ಅವನ ಬಿಳಿ ಪ್ಯಾಂಟಿನಲ್ಲಿ ಇಬ್ಬರು ಬುಗುರಿಗಳು ಹಿಡಿಸುತ್ತಿದ್ದರು. ಹಿಟ್ಟಿನ ಮೂಟೆಯ ದಾರದಿಂದ ಸೊಂಟಕ್ಕೆ ಬಿಗಿದು, "ಗಿರಗಿರ ತಿರುಗಿದ್ರೂ ಬಿಚ್ಚಲ್ಲಣ್ಣ, ನಾನು ಗ್ಯಾರಂಟಿ," ಎಂದ.

ಆರೂ ಹತ್ತಕ್ಕೆ ಬುಗುರಿ ಏದುಸಿರು ಬಿಡುತ್ತ ಹಾಲಿನ ಬಾಗಿಲು ತಳ್ಳಿದ.

ಇಡೀ ಕಚೇರಿ ಬಿಳಿ ಪ್ಯಾಂಟಿನಲ್ಲಿ, ಬರಿಗಾಲಿನಲ್ಲಿ ನಿಂತಿತ್ತು. ಮೇಲಧಿಕಾರಿ ಮುಂದಿನ ಸಾಲಿನಲ್ಲಿದ್ದರು. ಹೆಡ್ ಗುಮಾಸ್ತರ ಕೈಯಲ್ಲಿ ಹಾಜರಿ ಪುಸ್ತಕವಿತ್ತು.

"ಹತ್ತು ನಿಮಿಷ ಲೇಟು!"

"ಸಾರ್… ನೀವೆಲ್ಲ… ಇಲ್ಲಿ?"

"ಮತ್ತೆ? ಬೆಳಿಗ್ಗೆ ನೋಡ್ತೀನಿ, ಮೆಷಿನ್ನಿನಲ್ಲಿ ಮೂವತ್ತೊಂಬತ್ತು ಕಾಪಿ. ಮೇಲಿನೋರು ಹೇಳ್ದೆ ತಾನಾಗೇ ಬೀಳುತ್ತಾ? 'ಕಡ್ಡಾಯ' ಅಂತ ಬೇರೆ ಇದೆ. ಒಂದು ಕಾಪಿ ಕಮ್ಮಿ ಬಂತು, ಅದಕ್ಕೇ ನಿಮ್ಮ ಹತ್ರ ಬರೀ ಸಹಿ ತಗೊಂಡೆ."

ಹಿಂದಿನ ದಿನ ಯಾರೋ ನಲವತ್ತು ಪ್ರತಿಗೆ ಇಟ್ಟದ್ದನ್ನು ಆ ಹಾಳು ಯಂತ್ರ ಮರೆತಿರಲಿಲ್ಲ; ಹಾಳೆ ಕಿತ್ತುಕೊಂಡ ಮೇಲೂ ಒಮ್ಮೆ ಓದಿಕೊಂಡದ್ದನ್ನೇ ಉಗುಳುತ್ತ ಹೋಗಿತ್ತು.

ಅಷ್ಟರಲ್ಲಿ ಕಲಿಸುವಾಕೆ ಚಪ್ಪಾಳೆ ತಟ್ಟಿದಳು. "ಎಲ್ರೂ ಸುತ್ತ ನಿಂತ್ಕೊಳ್ಳಿ. ಕೊನೆಗೆ ಬಂದೋರು ಮೊದಲು ನಡುವೆ ಬನ್ನಿ!"

ಬುಗುರಿ ಬಾಗಿಲ ಕಡೆ ನೋಡಿದ. ಅಲ್ಲಿ ಕಾವಲುಗಾರ ನಿಂತಿದ್ದ. ಇನ್ನು ಬೇರೆ ದಾರಿಯಿಲ್ಲವೆಂದು ಕಣ್ಣು ಮುಚ್ಚಿ ಕಾಲು ಬೀಸಿದ. ಒಂದು ಸುತ್ತು. ಎರಡು ಸುತ್ತು. ಮೂರು! ಕಣ್ಣು ಬಿಟ್ಟರೆ, ಏನಾಶ್ಚರ್ಯ, ನೆಟ್ಟಗೆ ನಿಂತಿದ್ದಾನೆ! ಜನ್ಮದಲ್ಲಿ ಮೊದಲ ಸಲ ಅವನು ಬಿದ್ದಿರಲಿಲ್ಲ.

ಬಿದ್ದದ್ದು ಪ್ಯಾಂಟು.

ಅಂದಿನಿಂದ ಅವನನ್ನು ಕಚೇರಿಯಲ್ಲಿ ಯಾರೂ ಬುಗುರಿ ಎಂದು ಕರೆಯುವುದಿಲ್ಲ. ಹೊಸ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ.