ಹುಲ್ಲು ಮೇಯುವ ಯಂತ್ರವೂ ಹತ್ತು ಕಾಲ್ಬೆರಳೂ

ಮಾನಸಾ ದಿನಾ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಮಗನ ಕಾಲ್ಬೆರಳು ಎಣಿಸುತ್ತಿದ್ದಳು. ಬಲಗಾಲಿನಲ್ಲಿ ಐದು, ಎಡಗಾಲಿನಲ್ಲಿ ಐದು. ಎರಡು ವರ್ಷ ತುಂಬದ ಚೈತನ್ಯ ಇದನ್ನು ಕಚಗುಳಿಯ ಆಟ ಅಂದುಕೊಂಡು ಕೇಕೆ ಹಾಕುತ್ತಿದ್ದ. ಅವಳಿಗೆ ಅದು ಆಟವಲ್ಲ, ತಪಾಸಣೆ. (ರಸಾಯನಶಾಸ್ತ್ರದ ಉಪನ್ಯಾಸಕಿ. ಒಂದು ಸಲ ಬಂದ ಫಲಿತಾಂಶವನ್ನು ನಂಬುವ ಜಾಯಮಾನವಲ್ಲ. ಮಲಗಿಸುವ ಮುಂಚೆ ಇನ್ನೊಮ್ಮೆ ಎಣಿಸುತ್ತಿದ್ದಳು.)

ಈ ಬೆರಳುಗಳ ಚಿಂತೆ ಹತ್ತಿಸಿದ್ದು ಮನೆ ಮುಂದೆ ಆಮೆಯಂತೆ ಓಡಾಡಿಕೊಂಡು ತನ್ನಷ್ಟಕ್ಕೆ ತಾನೇ ಹುಲ್ಲು ಕತ್ತರಿಸುವ ರೋಬೋ. ಆದರೆ ರೋಬೋವನ್ನು ಬೈದು ಪ್ರಯೋಜನವಿಲ್ಲ, ಅದನ್ನು ಮನೆಗೆ ಕರೆತಂದದ್ದೂ ಮಾನಸಾಳ ಚಿಂತೆಯೇ. ಮಗು ಅಂಬೆಗಾಲಿಡಲು ಶುರು ಮಾಡಿದಾಗ ಶಿರಾ ಗೇಟ್ ಕಡೆಯ ಅವರ ಮನೆಯ ಅಂಗಳ ಪೂರ್ತಿ ಸಿಮೆಂಟು. ಮಂಡಿ ತರಚಿದರೆ? ಸಿಮೆಂಟು ಒಡೆಸಿ, ನರ್ಸರಿಯಿಂದ ಚಾಪೆ ಥರ ಸುತ್ತಿದ ಹುಲ್ಲು ತರಿಸಿ, ನಡುವಿನ ಕಲ್ಲುಬೆಂಚಿನ ಸುತ್ತಲೂ ಹಾಸಿದ್ದಾಯಿತು. ಹುಲ್ಲು ಬೆಳೆಯಿತು (ಹುಲ್ಲಿಗೆ ಬೇರೆ ಕೆಲಸವೇನು). ಬೆಳೆದ ಹುಲ್ಲಿಗೆ ಹಾವು ಬಂದರೆ? ಹೆಗಲಿಗೆ ಮೆಷಿನ್ ತಗುಲಿಸಿಕೊಂಡು ಹುಲ್ಲು ಕತ್ತರಿಸಲು ಬಂದವನು ಕಲ್ಲು ಚಿಮ್ಮಿಸಿ ಕಿಟಕಿಯ ಗಾಜು ಒಡೆದ. ಆ ಕಲ್ಲು ಮಗುವಿಗೆ ಬಿದ್ದಿದ್ದರೆ?

ಆಗ ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವ ಗಂಡ ಲಕ್ಷ್ಮೀಕಾಂತನಿಗೆ ಒಂದು ಮಹದಾಲೋಚನೆ ಹೊಳೆಯಿತು. ಕಾರ್ಖಾನೆಯವರು ತಮ್ಮ ಲಾನಿಗೆಂದು ಪರದೇಶದಿಂದ ತರಿಸಿ, ಆಮೇಲೆ ಆ ಲಾನೇ ಬೈಕ್ ಸ್ಟ್ಯಾಂಡ್ ಆಗಿಬಿಟ್ಟದ್ದರಿಂದ ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತಿದ್ದ ಈ ರೋಬೋವನ್ನು ಅವನು ಯುಗಾದಿಯ ಹೊತ್ತಿಗೆ ಮನೆಗೆ ತಂದ. ಮಾನಸಾ ಬಗ್ಗಿ ಅದರ ಹೊಟ್ಟೆಯಡಿ ನೋಡಿದಳು. ಗಡ್ಡ ಹೆರೆಯುವಂಥ ಮೂರು ಬ್ಲೇಡು. ಮಂಡಿ, ಹಾವು, ಕಲ್ಲು ಎಲ್ಲಾ ಒಂದೇ ಏಟಿಗೆ ಎದ್ದುಹೋಗಿ, ಆ ಜಾಗದಲ್ಲಿ ಬೆರಳು ಬಂದು ಕೂತವು.

ಅವತ್ತೇ ಕಾನೂನು ಜಾರಿಯಾಯಿತು. ರೋಬೋ ಹೊರಗಿದ್ದರೆ ಮಗು ಒಳಗೆ. ರೋಬೋ ತನ್ನ ಗೂಡಿನಲ್ಲಿ ಚಾರ್ಜ್ ಆಗುತ್ತಿದ್ದರೂ ಮಗು ಒಳಗೆ, ಯಾಕೆಂದರೆ ಅದು ಯಾವಾಗ ಎದ್ದು ಬಂದೀತೆಂದು ಯಾರು ಕಂಡವರು. ಹೀಗೆ ಮಗುವಿಗಾಗಿ ಹುಲ್ಲು, ಹುಲ್ಲಿಗಾಗಿ ರೋಬೋ, ರೋಬೋಗಾಗಿ ಮಗು ಕಿಟಕಿಯ ಸರಳಿನ ಹಿಂದೆ. ಮಾನಸಾ ಕೂಡ ಒಂದು ದಿನವೂ ಆ ಹುಲ್ಲಿಗೆ ಇಳಿದವಳಲ್ಲ. ವರಾಂಡದ ಕೊನೆಯ ಮೆಟ್ಟಿಲು ಅವಳ ಪಾಲಿಗೆ ದೇಶದ ಗಡಿ.

ಬೇಸಿಗೆಯಲ್ಲಿ ಮೊಮ್ಮಗನನ್ನು ನೋಡಿಕೊಳ್ಳಲು ಅತ್ತೆ ಸಿದ್ದಗಂಗಮ್ಮ ಚೇಳೂರಿನಿಂದ ಬಂದರು. ಜೀವಮಾನವಿಡೀ ರಾಗಿ ಹೊಲದಲ್ಲಿ ಕಳೆ ಕಿತ್ತ ಹೆಂಗಸು. ಹುಲ್ಲನ್ನು ಟೆಂಪೋದಲ್ಲಿ ಕೊಂಡು ತಂದು, ನೆಲಕ್ಕೆ ಹಾಸಿ, ನೀರುಣಿಸಿ, ಗೊಬ್ಬರ ಹಾಕಿ, ಬೆಳೆದ ಮೇಲೆ ಕತ್ತರಿಸಿ ಬಿಸಾಡುತ್ತಾರೆ ಎಂಬ ಸಂಗತಿ ಅವರಿಗೆ ಇಳಿಯಲು ಎರಡು ಲೋಟ ಕಾಫಿ ಬೇಕಾಯಿತು.

"ಹಸ ಇಲ್ಲ, ಎಮ್ಮೆ ಇಲ್ಲ. ಈ ಹುಲ್ಲ ಯಾರಮ್ಮ ತಿಂತಾರೆ?"

"ಯಾರೂ ತಿನ್ನಲ್ಲ ಅತ್ತೆ. ನೋಡೋಕೆ ಅಷ್ಟೇ."

"ಮಗ ತುಳಿಯೋಕಾದ್ರೂ ಬಿಡ್ತೀಯಾ?"

"ಮೆಷಿನ್ ಇದೆಯಲ್ಲ ಅತ್ತೆ."

ಸಿದ್ದಗಂಗಮ್ಮ ಮೆಷಿನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದು ಮೇಯ್ಲಿ, ಇವ್ನು ನೋಡ್ಲಿ ಬುಡು," ಎಂದು ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಹೋದರು.

ಬೇಸಿಗೆ ಏರಿತು, ನಲ್ಲಿಯ ನೀರು ಇಳಿಯಿತು. ಹುಲ್ಲು ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತು. ರೋಬೋ ಮಾತ್ರ ನಿಷ್ಠಾವಂತ ನೌಕರನಂತೆ ದಿನಾ ಹೊತ್ತಿಗೆ ಸರಿಯಾಗಿ ಎದ್ದು, ಇಲ್ಲದ ಹುಲ್ಲನ್ನು ಕತ್ತರಿಸಿ, ಮೈತುಂಬ ಧೂಳು ಮೆತ್ತಿಕೊಂಡು ಗೂಡು ಸೇರುತ್ತಿತ್ತು. ಲಕ್ಷ್ಮೀಕಾಂತ ಸಂಜೆ ಬಂದವನೇ ಅದನ್ನು ಬೋರಲು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹೊಟ್ಟೆ ಉಜ್ಜಿ, ಬ್ಲೇಡು ಬದಲಿಸುತ್ತಿದ್ದ. (ಸ್ವಂತ ಮಗನ ಉಗುರು ಕತ್ತರಿಸಲು ಇದೇ ಮನುಷ್ಯನಿಗೆ ವಾರಗಟ್ಟಲೆ ನೆನಪಿಸಬೇಕು.)

ಮುಂಗಾರು ಬಂತು. ಹುಲ್ಲು ಹುಚ್ಚೆದ್ದು ಬೆಳೆಯುವುದು ಮಳೆಯಲ್ಲಿ, ಆದರೆ ಪರದೇಶಿ ರೋಬೋಗೆ ನೆನೆಯುವುದು ಆಗಿಬರದು. ಮೊದಲ ಹನಿ ಬೆನ್ನಿಗೆ ಬಿದ್ದರೆ ಸಾಕು, ಅರ್ಧ ಕೆಲಸ ಬಿಟ್ಟು ಗೂಡಿನತ್ತ ತಿರುಗುತ್ತಿತ್ತು. ಪಕ್ಕದ ಮನೆಯ ಸಲೀಮಾ ತಾರಸಿಯಿಂದ ಅದನ್ನು ನೋಡಿಕೊಂಡೇ ಒಣಗಲು ಹಾಕಿದ ಬಟ್ಟೆ ತೆಗೆಯುತ್ತಿದ್ದರು. ಅಷ್ಟರಮಟ್ಟಿಗೆ ಬಡಾವಣೆಗೆ ಅದರಿಂದ ಉಪಕಾರವಾಯಿತು.

ಮಳೆ ನಿಂತ ಮೇಲೆ ಇನ್ನೊಂದು ರಾಮಾಯಣ. ದಾಸವಾಳದ ಬುಡದ ಕೆಸರಿನಲ್ಲಿ ಚಕ್ರ ಹೂತು ರೋಬೋ ಗುಂಯ್‌ಗುಡುತ್ತ ನಿಂತರೆ, ಹಿರೇಹಳ್ಳಿಯಲ್ಲಿದ್ದ ಲಕ್ಷ್ಮೀಕಾಂತನ ಫೋನಿಗೆ ಸಂದೇಶ ಹೋಗುತ್ತಿತ್ತು. ಅವನು ಮನೆಗೆ ಫೋನ್ ಮಾಡುತ್ತಿದ್ದ. ಗಡಿ ದಾಟಲೊಲ್ಲದ ಹೆಂಡತಿ ಫೋನನ್ನು ಅತ್ತೆಯ ಕೈಗೆ ಕೊಡುತ್ತಿದ್ದಳು. ಬೆನ್ನ ಮೇಲಿನ ಕೆಂಪು ಬಟನ್ ಮೊದಲು ಒತ್ತು, ನಿಂತ ಮೇಲೆ ಎತ್ತು ಎಂದು ಮಗ ಹೇಳಿಕೊಟ್ಟ. ಸಿದ್ದಗಂಗಮ್ಮನಿಗೆ ಅದೇನು ಹೊಸ ವಿದ್ಯೆ. ಹೊಲದಲ್ಲಿ ಎತ್ತು ನಿಲ್ಲಿಸುವ ಹಾಗೆ "ಹೋ... ಹೋ..." ಅನ್ನುತ್ತ ಹೋಗಿ ಬೆನ್ನು ತಟ್ಟುತ್ತಿದ್ದರು, ಅದು ನಿಲ್ಲುತ್ತಿತ್ತು.

ಆ ಮಳೆಗಾಲದಲ್ಲಿ ಮಾನಸಾಳಿಗೆ ಎರಡು ಹೊಸ ಚಿಂತೆ ಅಂಟಿಕೊಂಡವು. ಮಗುವಿಗಾಗಿ ಕಾಲೇಜಿಗೆ ದೀರ್ಘ ರಜೆ ಹಾಕಿದ್ದರೂ ಮಧ್ಯಾಹ್ನ ರೂಮಿನ ಬಾಗಿಲು ಹಾಕಿಕೊಂಡು ಒಂದು ಗಂಟೆ ಕಾಲೇಜಿನ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುತ್ತಿದ್ದಳು. ಪಾಠ ಮುಗಿಸಿ ಬಂದು ನೋಡಿದರೆ ಚೈತನ್ಯನ ಅಂಗಾಲು ಒಂಥರಾ ಹಸಿರು. ಕಾಲುಚೀಲದ ಬಣ್ಣ ಬಿಡುತ್ತಿದೆ, ಅದರಲ್ಲಿ ಯಾವ ವಿಷವಿದೆಯೋ ಎಂದು ಅಷ್ಟೂ ಜೊತೆ ಕಾಲುಚೀಲ ಅಂಗಡಿಗೆ ಒಯ್ದು, ಬಣ್ಣಗಳ ರಸಾಯನಶಾಸ್ತ್ರವನ್ನೇ ಅಂಗಡಿಯವನಿಗೆ ಪಾಠ ಮಾಡಿ ವಾಪಸ್ ಕೊಟ್ಟಳು. (ಕಾಲುಚೀಲ ಬಿಳಿಯದಾಗಿತ್ತು. ಅಂಗಡಿಯವನು ಅವಳ ಮುಖವನ್ನೊಮ್ಮೆ ನೋಡಿ ತೆಗೆದುಕೊಂಡ.) ಎರಡನೆಯದು ಮಗುವಿನ ಮಾತು. ಓರಗೆಯ ಮಕ್ಕಳು ಅಮ್ಮ, ಅಪ್ಪ, ಕಾಕಾ ಅನ್ನುವಾಗ ಇವನು ಮಿಕ್ಸಿ ಗುರುಗುಟ್ಟಿದರೆ "ಹೋ" ಅನ್ನುತ್ತಿದ್ದ, ಫ್ಯಾನ್ ತಿರುಗಿದರೆ "ಹೋ", ಸಿಲಿಂಡರ್ ಗಾಡಿ ಬಂದರೂ "ಹೋ". ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರ್ ನಕ್ಕು, ಮಾತು ತಾನಾಗಿ ಬರುತ್ತೆ ಅಂದರು. ಈ ವಿಷಯ ಎತ್ತಿದಾಗಲೆಲ್ಲ ಲಕ್ಷ್ಮೀಕಾಂತ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ, ಸಿದ್ದಗಂಗಮ್ಮ ಅಕ್ಕಿ ಆರಿಸುತ್ತಿದ್ದರು.

ಗಣೇಶನ ಹಬ್ಬದ ಬೆಳಿಗ್ಗೆ ಅತ್ತೆ ಗರಿಕೆ ಹುಡುಕಲು ಹೊರಟರು. ಮನೆ ಮುಂದೆ ಹುಲ್ಲೋ ಹುಲ್ಲು, ಆದರೆ ರೋಬೋ ನುಣ್ಣಗೆ ಬೋಳಿಸಿದ ನೆಲದಲ್ಲಿ ಗಣೇಶನ ಕಿವಿಗೆ ಸಿಕ್ಕಿಸುವಷ್ಟು ಗರಿಕೆಯೂ ಇಲ್ಲ. ಕೊನೆಗೆ ಖಾಲಿ ಸೈಟಿನಿಂದ ತಂದು, ಇಷ್ಟು ದೊಡ್ಡ ಹುಲ್ಲುಗಾವಲಿನ ಒಡತಿ ಗರಿಕೆಗೆ ಬೇರೆಯವರ ಸೈಟಿಗೆ ಹೋಗಬೇಕಾಯಿತು ಎಂದು ಗಣೇಶನಿಗೇ ದೂರು ಹೇಳಿದರು, ಸೊಸೆಗೆ ಕೇಳುವ ಹಾಗೆ.

ಎಲ್ಲಾ ಕೆಟ್ಟುಹೋದದ್ದು ಆಯುಧ ಪೂಜೆಯ ದಿನ. ಲಕ್ಷ್ಮೀಕಾಂತ ಸ್ಕೂಟರ್, ಮಿಕ್ಸಿ, ಲ್ಯಾಪ್‌ಟಾಪ್ ಜೊತೆ ರೋಬೋವನ್ನೂ ವರಾಂಡಕ್ಕೆ ತಂದಿಟ್ಟ. ಸಿದ್ದಗಂಗಮ್ಮ ಅದಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಮೊಮ್ಮಗನ ಕೈ ಹಿಡಿದು ಅದರ ಬೆನ್ನ ಮೇಲಿಟ್ಟು ನಮಸ್ಕಾರ ಮಾಡಿಸಿದರು. ಸಲೀಮಾ ಅವರೂ ಎದುರುಮನೆಯವರೂ ಬಂದಿದ್ದರು. ಅಷ್ಟು ಜನರೆದುರಿಗೆ ಮಾನಸಾ ಮಗುವನ್ನು ಕಿತ್ತುಕೊಂಡಳು.

"ಬೆರಳು ಹೋದ್ರೆ ನೀವು ತಂದುಕೊಡ್ತೀರಾ ಅತ್ತೆ? ನಿಮ್ಮನ್ನ ನಂಬಿ ಮಗುನ ಹೇಗ್ ಬಿಡ್ಲಿ?"

ಸಿದ್ದಗಂಗಮ್ಮ ಪುರಿ ಹಂಚಿದರು, ಕುಂಬಳಕಾಯಿ ಒಡೆಸಿದರು, ಬ್ಯಾಗ್ ತುಂಬಿಕೊಂಡರು. ಗೇಟಿನಲ್ಲಿ ನಿಂತು ಹೇಳಿದ್ದು ಇಷ್ಟೇ: "ಮಗೂನ ಈ ಹುಲ್ಲಿನ್ ಮೇಲೆ ಬಿಟ್ಟ ದಿನ ಫೋನ್ ಮಾಡಮ್ಮ, ಬರ್ತೀನಿ. ಅಲ್ಲೀಗಂಟ ಬರಲ್ಲ."

ಅವರು ಗುಬ್ಬಿಯಲ್ಲಿ ಇಳಿದು ಚೇಳೂರಿನ ಬಸ್ಸು ಹಿಡಿಯುವ ಹೊತ್ತಿಗೇ ಮಾನಸಾಳಿಗೆ ಪಶ್ಚಾತ್ತಾಪ ಶುರುವಾಗಿತ್ತು. ಆದರೆ ಫೋನ್ ಮಾಡಬೇಕಾದರೆ ಮಗು ಹುಲ್ಲಿಗಿಳಿಯಬೇಕು, ಹುಲ್ಲಿಗಿಳಿದರೆ ಬೆರಳು. ಕಾರ್ತಿಕ ಕಳೆಯಿತು, ಚಳಿ ಬಿತ್ತು. ಇಬ್ಬನಿಗೆ ನೆಂದ ಹುಲ್ಲು ರೋಬೋವಿನ ಹೊಟ್ಟೆಗೆ ಸಗಣಿಯಂತೆ ಮೆತ್ತಿಕೊಂಡಿತು. ಲಕ್ಷ್ಮೀಕಾಂತ ಉಜ್ಜಿದ. ಇತ್ತ ಅವಳ ರಜೆ ಮುಗಿಯುತ್ತ ಬಂತು. ಸಂಕ್ರಾಂತಿ ಕಳೆದ ಮೇಲೂ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಪ್ರಿನ್ಸಿಪಾಲ್ ಅನಂತರಾಜು ಬಹಳ ಮೃದುವಾಗಿ ಹೇಳಿದರು. ಮಾನಸಾ ಊರಿನ ಶಿಶುವಿಹಾರಗಳನ್ನೆಲ್ಲ ಸುತ್ತಿದಳು. ಒಂದರಲ್ಲಿ ಮೆಟ್ಟಿಲಿತ್ತು, ಇನ್ನೊಂದರಲ್ಲಿ ಮೀನಿನ ತೊಟ್ಟಿ. ಮತ್ತೊಂದರಲ್ಲಿ ಏನೂ ಇರಲಿಲ್ಲ, ಅದೇ ಅನುಮಾನ ಹುಟ್ಟಿಸಿತು. ಕೆಲಸ ಉಳಿಯಬೇಕಾದರೆ ಅತ್ತೆ ಬರಬೇಕು, ಬೇರೆ ದಾರಿಯಿಲ್ಲ. ಸುಳ್ಳು ಹೇಳಿ ಕರೆಸಬಹುದಿತ್ತು. ಆದರೆ ಫೋಟೋ ಕಳಿಸು ಅಂದರೆ?

ಸಂಕ್ರಾಂತಿ ಮುಗಿದ ಭಾನುವಾರ ಅವಳು ಎದೆ ಗಟ್ಟಿಮಾಡಿಕೊಂಡಳು. ಲಕ್ಷ್ಮೀಕಾಂತ ಫೋನಿನಲ್ಲಿ ಏನೋ ಒತ್ತಿ, ಇವತ್ತು ಅದು ಏಳಲ್ಲ ಕಣೇ ಎಂದು ಭರವಸೆ ಕೊಟ್ಟು ಹಾಲು ತರಲು ಹೋದ. ಮಾನಸಾ ಮಗನಿಗೆ ಎರಡು ಜೊತೆ ಕಾಲುಚೀಲ, ಮೇಲೆ ಶೂ ಹಾಕಿ ಹುಲ್ಲಿನ ಅಂಚಿಗೆ ಇಳಿಸಿದಳು. ಮೆಟ್ಟಿಲಿನಿಂದ ತೆಗೆದರೆ ಫೋಟೋದಲ್ಲಿ ಕಾಲು ಕಾಣುತ್ತಿರಲಿಲ್ಲ. ಫೋನ್ ಹಿಡಿದು ಬರಿಗಾಲಲ್ಲೇ ಹುಲ್ಲಿಗಿಳಿದಳು, ಮಗು ಪೂರ್ತಿ ಕಾಣಲೆಂದು ಇನ್ನೊಂದೆರಡು ಹೆಜ್ಜೆ ಹಿಂದೆ ಸರಿದಳು.

ಹಿಂದುಗಡೆ ಗುಂಯ್ ಎಂದಿತು. ರೋಬೋ ಎದ್ದು ನೇರ ಅವರ ಕಡೆಗೇ ಬರುತ್ತಿತ್ತು.

ತಾನು ಆ ಕ್ಷಣ ಮಗುವಿನ ಕಡೆ ಓಡಿದೆ ಎಂದೇ ಮಾನಸಾ ಈಗಲೂ ನಂಬಿದ್ದಾಳೆ. ಆದರೆ ಕಣ್ಣು ಬಿಟ್ಟಾಗ ಅವಳು ಹುಲ್ಲಿನ ನಡುವಿನ ಕಲ್ಲುಬೆಂಚಿನ ಮೇಲೆ ನಿಂತಿದ್ದಳು, ಮಗು ಕೆಳಗಿತ್ತು. ಚೈತನ್ಯ ಕುಕ್ಕರುಬಡಿದು, ಅನುಭವಸ್ಥನಂತೆ ಶೂ ಕಿತ್ತೆಸೆದ, ಎರಡೂ ಜೊತೆ ಕಾಲುಚೀಲ ಕಿತ್ತೆಸೆದ. ಎದ್ದು, ಬರುತ್ತಿದ್ದ ರೋಬೋವಿನ ಪಕ್ಕಕ್ಕೆ ಸರಿದು ಹೋಗಿ, "ಹೋ... ಹೋ..." ಎನ್ನುತ್ತ ಬೆನ್ನ ಮೇಲಿನ ಕೆಂಪು ಬಟನ್ ತಟ್ಟಿದ. ಅದು ನಿಂತಿತು. ಅದರ ಮೇಲೆ ಹತ್ತಿ ಕೂತು ಅಮ್ಮನನ್ನು ನೋಡಿ ನಕ್ಕ.

ತಾರಸಿಯಿಂದ ಸಲೀಮಾ ಸಮಾಧಾನ ಹೇಳಿದರು. "ಹೆದರ್ಕೋಬೇಡಿ ಮೇಡಂ, ಅಜ್ಜಿ ಚೆನ್ನಾಗಿ ಪಳಗಿಸವ್ರೆ. ಅವ್ರಿದ್ದಾಗ ದಿನಾ ಮಧ್ಯಾಹ್ನ ನಿಮ್ಮ ಕ್ಲಾಸ್ ಟೈಮಲ್ಲಿ ಇದೇ ಆಟ ಅಲ್ವಾ? ನಿಮಗೂ ಗೊತ್ತು ಅಂದ್ಕೊಂಡಿದ್ವಿ."

ಮಾನಸಾಳಿಗೆ ಕಾಲುಚೀಲದ ಅಂಗಡಿಯವನ ಮುಖ ನೆನಪಾಯಿತು. ಆಮೇಲೆ ಡಾಕ್ಟರದ್ದು, ಆಮೇಲೆ ಗಂಡನ ಮುಖಕ್ಕೆ ಅಡ್ಡ ಬರುತ್ತಿದ್ದ ಪೇಪರು. ಬೆಂಚಿನ ಮೇಲೆ ನಿಂತೇ ಚೇಳೂರಿಗೆ ಫೋನ್ ಮಾಡಿದಳು.

"ಅತ್ತೆ, ಚೈತನ್ಯ ಹುಲ್ಲಿನ ಮೇಲೆ ಕಾಲಿಟ್ಟ."

ಸಿದ್ದಗಂಗಮ್ಮ ತೀರ ಗಂಭೀರವಾಗಿ ಕೇಳಿದರು. "ಹೌದಾ? ಇವತ್ತೇ ಮೊದಲ್ನೇ ಸಲನಾ?"

ಮಾನಸಾ ಮಗನನ್ನು ನೋಡಿದಳು. ಅವನು ರೋಬೋವಿನ ಬಾಯಿಗೆ ಒಂದು ಹಿಡಿ ಹುಲ್ಲು ತಿನ್ನಿಸುತ್ತಿದ್ದ.

"ಹೂಂ ಅತ್ತೆ. ಇವತ್ತೇ ಮೊದಲ್ನೇ ಸಲ."

"ಒಳ್ಳೇದಾಯ್ತು ಬುಡು. ನಾಳೆ ಮೊದಲ್ನೇ ಬಸ್ಸಿಗೆ ಬರ್ತೀನಿ. ಬೆರಳೆಲ್ಲಾ ನೆಟ್ಟಗವ್ವಾ?"

"ಇವೆ ಅತ್ತೆ, ಈಗ ತಾನೆ ಎಣಿಸ್ದೆ. ಹತ್ತೂ ಇವೆ."

"ಯಾರ್ದು?"

ಮಾನಸಾ ಕೆಳಗೆ ನೋಡಿದಳು. ಕಲ್ಲುಬೆಂಚಿನ ಮೇಲೆ ಹಸಿರು ಮೆತ್ತಿಕೊಂಡಿದ್ದ, ತಾನು ಎಣಿಸಿದ್ದ ಆ ಹತ್ತೂ ಬೆರಳು ಅವಳವೇ.