ಗಲ್ಲಾಪತಿಯ ಬೋಣಿ

"ಇನ್ಮೇಲೆ ನೀನು ಮಧ್ಯಾಹ್ನ ಮನೆಗೆ ಹೋಗಿ ಆರಾಮಾಗಿ ಮಲಗಬಹುದು ಮಂಗಳಾ" ಎಂದು ಚಂದ್ರಮೌಳಿ ಯಂತ್ರದ ಮೇಲೆ ಹೊದಿಸಿದ್ದ ಬೆಡ್‌ಶೀಟನ್ನು ಠೀವಿಯಿಂದ ಎಳೆದರು. ಬೆಡ್‌ಶೀಟು ಯಂತ್ರದ ಬಲಗೈಗೆ ಸಿಕ್ಕಿಕೊಂಡು ಪರ್‍ ಎಂದು ಹರಿಯಿತು.

ಸರ್ವಮಂಗಳ ನೋಯುತ್ತಿದ್ದ ಭುಜವನ್ನು ನೀವಿಕೊಳ್ಳುತ್ತಾ ನೋಡಿದಳು. ಬೆಡ್‌ಶೀಟು ಹೊಸದು. ಅದರ ಬಗ್ಗೆ ಮಾತಾಡಲೂ ಅವಳಿಗೆ ಸುಸ್ತು.

ಕಡೂರಿನ ಪೇಟೆ ಬೀದಿಯಲ್ಲಿ ಅವಳದು ಸ್ಟೀಲ್ ಪಾತ್ರೆ ಅಂಗಡಿ. ಮದುವೆಯಾಗಿ ಬಂದ ವರ್ಷವೇ ಅತ್ತೆ ಗಲ್ಲಾದ ಬೀಗದ ಕೈಯನ್ನು ಅವಳ ಸೆರಗಿಗೆ ಕಟ್ಟಿ ತಾವು ತೀರ್ಥಯಾತ್ರೆಗೆ ಹೊರಟುಬಿಟ್ಟರು. ಅಂದಿನಿಂದ ಬೆಳಿಗ್ಗೆ ಶಟರ್ ಎತ್ತುವುದು, ರಾತ್ರಿ ಎಳೆಯುವುದು, ನಡುವೆ ಗಿರಾಕಿಗಳ ಜೊತೆ ಗಂಟಲು ಹರಿದುಕೊಳ್ಳುವುದು. ಮಧ್ಯಾಹ್ನದ ನಿದ್ದೆ ಎಂಬುದನ್ನು ಅವಳು ಬೇರೆಯವರ ಮುಖದಲ್ಲಿ ಮಾತ್ರ ಕಂಡಿದ್ದಳು. ಒಂದೇ ಒಂದು ಮಧ್ಯಾಹ್ನ, ಯಾರೂ "ಅಕ್ಕಾ, ಕುಕ್ಕರಿಗೆಷ್ಟು?" ಎಂದು ಕೇಳದ ಹಾಗೆ ಕಣ್ಣುಮುಚ್ಚಬೇಕು. ಅವಳಿಗೆ ಬೇಕಿದ್ದುದು ಅಷ್ಟೇ.

ಗಂಡ ಚಂದ್ರಮೌಳಿ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಿಂದ ನಿವೃತ್ತರಾದವರು. ನಿವೃತ್ತಿಯೇ ಒಂದು ತೊಂದರೆಯಾಗಿತ್ತು. ಅವರು ಕಂಡುಹಿಡಿದ ಕಾಯಿ ತುರಿಯುವ ಯಂತ್ರ ಕಾಯಿ ಮುಗಿದ ಮೇಲೆ ಅಡುಗೆಮನೆಯ ಗೋಡೆಯನ್ನು ತುರಿದಿತ್ತು. ಇಂಥ ಮನುಷ್ಯನ ಕಣ್ಣಿಗೆ, ಸಣ್ಣ ಅಂಗಡಿಗಳೂ ಕೃತಕ ಬುದ್ಧಿಮತ್ತೆ ಅಳವಡಿಸಿಕೊಳ್ಳಲೆಂದು ಸರ್ಕಾರ ಸಹಾಯಧನ ಕೊಡುತ್ತಿದೆ ಎಂಬ ಸುದ್ದಿ ಬಿದ್ದರೆ ಸುಮ್ಮನಿರುತ್ತಾರೆಯೇ? ಅರ್ಜಿ ಹೋಯಿತು, ಮೊದಲ ಕಂತು ಬಂತು, ಗಲ್ಲಾದ ಪಕ್ಕದಲ್ಲಿ 'ಗಲ್ಲಾಪತಿ' ಎದ್ದು ನಿಂತಿತು. ಎರಡು ಕಬ್ಬಿಣದ ಕೈ, ಒಂದು ಕ್ಯಾಮೆರಾ ಕಣ್ಣು, ಒಂದು ಸ್ಪೀಕರು. ಹೆಂಡತಿಯ ಭುಜ ನೆನೆದು ಶಟರಿಗೂ ಮೋಟಾರು ಹಾಕಿಸಿ ಅದರ ತಂತಿಯನ್ನು ಯಂತ್ರಕ್ಕೇ ಕೊಟ್ಟಿದ್ದರು. ಮೋಟಾರಿಗೆ ಅಡ್ಡ ಬರುತ್ತದೆಂದು ಶಟರಿನ ಹಿಡಿಯನ್ನು ಕಿತ್ತುಹಾಕಿದ್ದರು.

ಮದುವೆಯ ಸೀಸನ್ ಪೂರ್ತಿ ಗಲ್ಲಾಪತಿ ಏನೂ ಮಾಡದೆ ಸರ್ವಮಂಗಳಳನ್ನೇ ದಿಟ್ಟಿಸುತ್ತಾ ಕೆಲಸ ಕಲಿತಿತ್ತು. ಮದುವೆಯಾದಾಗಿನಿಂದ ಅವಳನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ.

ಬೆಡ್‌ಶೀಟು ಹರಿದ ಆ ಪ್ರದರ್ಶನದ ದಿನ ಮೊದಲು ಬಂದವರು ಪಕ್ಕದ ಬಳೆ ಅಂಗಡಿಯ ಗಿರಿಜಮ್ಮ. ಗಲ್ಲಾಪತಿ ಊದುಬತ್ತಿ ಹಚ್ಚಿ, ತಕ್ಕಡಿಗೆ ಬೆಳಗಿ, ಥೇಟ್ ಸರ್ವಮಂಗಳಳ ರಾಗದಲ್ಲಿ, "ಬನ್ನಿ ಅಕ್ಕ, ಬೋಣಿ ಟೈಮು, ಬರಿಗೈಲಿ ಹೋಗ್ಬೇಡಿ" ಎಂದಿತು.

ದಿನದ ಮೊದಲ ವ್ಯಾಪಾರವೇ ಬೋಣಿ. ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ಆ ದಿನ ಅಂಗಡಿ ನೊಣ ಹೊಡೆಯಬೇಕಾಗುತ್ತದೆಂದು ಪೇಟೆಯವರೆಲ್ಲರ ನಂಬಿಕೆ. ಆದ್ದರಿಂದ ಸರ್ವಮಂಗಳ ಬೋಣಿಯ ಗಿರಾಕಿಯನ್ನು ಬಿಡುತ್ತಿರಲಿಲ್ಲ. ಬೆಲೆ ಇಳಿಸುತ್ತಾಳೆ, ಮತ್ತೆ ಇಳಿಸುತ್ತಾಳೆ, ಕೂರಿಸಿ ನೀರು ಕೊಡುತ್ತಾಳೆ. ಆದರೆ ಬಿಟ್ಟಿ ಕೊಡುವುದಿಲ್ಲ. ಕೈಗೆ ಒಂದು ರೂಪಾಯಿಯಾದರೂ ಬೀಳಬೇಕು. ಗಲ್ಲಾಪತಿ ಹಾಗೆಯೇ ಮಾಡಿ, ಗಿರಿಜಮ್ಮನಿಗೊಂದು ಸೌಟು ದಾಟಿಸಿ, ಬಂದ ದುಡ್ಡನ್ನು ತನ್ನ ಕ್ಯಾಮೆರಾ ಕಣ್ಣಿಗೊತ್ತಿಕೊಂಡಿತು.

ಚಂದ್ರಮೌಳಿಯ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಬಂತು. ಗಲ್ಲಾಪತಿ ಕಣ್ಣು ಬಿಟ್ಟು ಇನ್ನೊಂದು ಊದುಬತ್ತಿ ಹಚ್ಚಿತು. "ಬನ್ನಿ ಅಕ್ಕ, ಬೋಣಿ ಟೈಮು."

"ಈಗ ತಾನೆ ಮಾಡಿದ್ನಲ್ಲ?" ಎಂದರು ಗಿರಿಜಮ್ಮ.

ಸಮಸ್ಯೆ ಆಗ ಗೊತ್ತಾಯಿತು. ಕರೆಂಟು ಹೋಗಿ ಬಂದಾಗಲೆಲ್ಲ ಗಲ್ಲಾಪತಿಗೆ ಬೆಳಗಾಗುತ್ತಿತ್ತು! ಎದುರಿಗೆ ಕಂಡವರೇ ಬೋಣಿಯ ಗಿರಾಕಿ.

ಕಡೂರಿನ ಕರೆಂಟಿನ ಕತೆ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ಊದುಬತ್ತಿಯ ಹೊಗೆಗೆ ಪಾತ್ರೆ ಕಾಣದಾಯಿತು. ಮೆಡಿಕಲ್ ಶಾಪಿಗೆ ದಾರಿ ಕೇಳಲು ಬಂದವರೊಬ್ಬರು ಇಡ್ಲಿ ಪಾತ್ರೆ ಹೊತ್ತುಕೊಂಡು ಹೋದರು. ಬೇಡವೆಂದರೆ ಗಲ್ಲಾಪತಿ ಶಟರನ್ನೇ ಇಳಿಸಿಬಿಡುತ್ತಿತ್ತು, ಪಾಪ ಅವರಾದರೂ ಏನು ಮಾಡಿಯಾರು? ಇನ್ನು ಪೇಟೆಯ ಜನ ಬಲು ಜಾಣರು. ಎದುರಿನ ಟೀ ಅಂಗಡಿಯಲ್ಲಿ ಕೂತು ಕಾಯುತ್ತಿದ್ದು, ಕರೆಂಟು ಬಂದ ಕೂಡಲೇ ಬೋಣಿ ಬೆಲೆಗೆ ಕೊಳ್ಳಲು ನಾ ಮುಂದು ತಾ ಮುಂದು ಎಂದು ನುಗ್ಗುತ್ತಿದ್ದರು. ಅವರನ್ನು ತಡೆಯಲು ಸರ್ವಮಂಗಳ ಮಧ್ಯಾಹ್ನದ ಊಟವನ್ನೂ ಅಂಗಡಿಗೇ ತರಿಸಿಕೊಳ್ಳುವಂತಾಯಿತು. ಮೊದಲು ಅಂಗಡಿಯನ್ನು ಕಾಯುತ್ತಿದ್ದಳು, ಈಗ ಅಂಗಡಿಯನ್ನೂ ಯಂತ್ರವನ್ನೂ.

"ಇದನ್ನ ತೆಗೆದು ಅಟ್ಟಕ್ಕೆ ಹಾಕ್ರೀ."

"ಬ್ಯಾಟರಿ ಒಂದು ಬಂದ್ರೆ ಎಲ್ಲಾ ಸರಿಹೋಗುತ್ತೆ ಕಣೇ."

"ಬ್ಯಾಟರಿ ಯಾವಾಗ ಬರೋದು?"

"ಎರಡನೇ ಕಂತಲ್ಲಿ."

"ಅದು ಯಾವಾಗ?"

"ಯಂತ್ರ ಎಲ್ಲೂ ನಿಲ್ಲದೆ ನಡೀತಿದೆ ಅಂತ ಅಧಿಕಾರಿಗಳು ಬಂದು ನೋಡಿ ಬರೀಬೇಕು."

"ಬ್ಯಾಟರಿ ಇಲ್ದೆ ಹೆಂಗ್ರೀ ನಿಲ್ದೆ ನಡೆಯುತ್ತೆ?"

"ಅದಕ್ಕೇ ತಾನೆ ಬ್ಯಾಟರಿ ಕೊಡೋದು!"

ಸರ್ಕಾರವೂ ಗಂಡನೂ ಒಂದೇ ದನಿಯಲ್ಲಿ ಮಾತಾಡತೊಡಗಿದಾಗ ವಾದ ಮಾಡಿ ಫಲವಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅಧಿಕಾರಿಗಳು ಬಂದದ್ದು ಸುಡುಬಿಸಿಲಿನ ಒಂದು ಮಧ್ಯಾಹ್ನ. ಪ್ರಫುಲ್ಲಾ ಎಂಬ ಆ ಹೆಂಗಸು ಬೆಳಗಿನಿಂದ ಅಂಗಡಿ ಅಂಗಡಿ ಸುತ್ತಿ ಹಣ್ಣಾಗಿದ್ದರು. ಒಂದು ಕಡೆ ಹಿಟ್ಟಿನ ಗಿರಣಿಯ ಯಂತ್ರ ರಾಗಿ, ಗೋಧಿ, ಕಡಲೆ ಎಲ್ಲವನ್ನೂ ಒಟ್ಟಿಗೆ ಬೀಸಿತ್ತಂತೆ. ಇನ್ನೊಂದು ಕಡೆ ಟೈಲರನ ಯಂತ್ರ ಅವರದೇ ಅಳತೆ ತೆಗೆದು ಗಟ್ಟಿಯಾಗಿ ಓದಿತ್ತಂತೆ. ಅವರು ಒಳಗೆ ಕಾಲಿಟ್ಟು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕರೆಂಟು ಹೋಗಿ, ಬಂತು.

"ಬನ್ನಿ ಅಕ್ಕ, ಬೋಣಿ ಟೈಮು. ಈ ಕುಕ್ಕರು ನೋಡಿ, ನಿಮಗಂತಾನೇ ಎತ್ತಿಟ್ಟಿದ್ದೆ."

"ನಾನು ಗಿರಾಕಿ ಅಲ್ಲಪ್ಪ, ತಪಾಸಣೆಗೆ ಬಂದಿರೋದು."

"ಅಕ್ಕನಿಗೆ ಬೆಲೆ ಜಾಸ್ತಿ ಆಯ್ತೇನೋ. ಅರ್ಧಕ್ಕೆ ತಗೊಳ್ಳಿ."

"ಬೇಡ."

ಶಟರು ಕರಕರ ಎಂದು ಇಳಿದು ನೆಲ ಮುಟ್ಟಿತು. ಅಂಗಡಿ ಅರೆಗತ್ತಲಾಯಿತು. ಬೆಲೆಯೂ ಇಳಿಯುತ್ತಾ ಇಳಿಯುತ್ತಾ ಕುಕ್ಕರಿನಿಂದ ತಪ್ಪಲೆಗೆ, ತಪ್ಪಲೆಯಿಂದ ಲೋಟಕ್ಕೆ, ಲೋಟದಿಂದ ಚಮಚಕ್ಕೆ ಬಂದು, ಒಂದು ರೂಪಾಯಿಯಲ್ಲಿ ನಿಂತಿತು.

"ಮೇಡಂ, ಒಂದು ರೂಪಾಯಿ ಕೊಟ್ಬಿಡಿ, ಬಾಗಿಲು ತೆಗೆಯುತ್ತೆ" ಎಂದು ಚಂದ್ರಮೌಳಿ ಕೈಮುಗಿದರು.

"ತಪಾಸಣೆಗೆ ಬಂದ ಅಂಗಡೀಲಿ ನಾವು ಒಂದು ಚಮಚಾನೂ ಕೊಳ್ಳೋ ಹಾಗಿಲ್ಲ. ನಿಯಮ. ನೀವೇ ಕೊಡಿ."

ಚಂದ್ರಮೌಳಿ ಜೇಬಿನಿಂದ ನಾಣ್ಯ ತೆಗೆದು ಚಾಚಿದರು. ಕಬ್ಬಿಣದ ಕೈ ಅದನ್ನು ಮೆಲ್ಲನೆ ಹಿಂದಕ್ಕೆ ತಳ್ಳಿತು. "ನಿಮ್ಮ ಕೈ ಬೋಣಿ ಬೇಡ ಕಣ್ರೀ. ನಿಮ್ಮ ಕೈಗುಣ ನಂಗೊತ್ತಿಲ್ವಾ? ಆಮೇಲೆ ಬನ್ನಿ."

ಚಂದ್ರಮೌಳಿ ಹೆಂಡತಿಯ ಕಡೆ ತಿರುಗಿದರು.

"ಇದನ್ನೂ ಕಲಿಸಿದ್ದೀಯಾ?"

"ನಾನೇನೂ ಕಲಿಸಿಲ್ಲ. ದಿನಾ ಬೆಳಿಗ್ಗೆ ನಿಮಗೆ ಹೇಳ್ತಿದ್ದದ್ದು ಅದರ ಕಿವಿಗೂ ಬಿದ್ದಿದೆ."

"ನಾನೇ ಮಾಡಿದ ಯಂತ್ರ ಕಣೇ ಅದು!"

"ನೀವು ಮಾಡಿದ್ದು ಅಂತ ಅದಕ್ಕೂ ಗೊತ್ತಾಗಿರ್ಬೇಕು, ಅದಕ್ಕೇ ನಂಬ್ತಿಲ್ಲ."

ಇಬ್ಬರೂ ಇನ್ನಷ್ಟು ಹೊತ್ತು ಕಿತ್ತಾಡುತ್ತಿದ್ದರೇನೋ. ಆದರೆ ಸರ್ವಮಂಗಳ ಇದ್ದಕ್ಕಿದ್ದಂತೆ ಸುತ್ತ ನೋಡಿದಳು. ಶಟರು ಮುಚ್ಚಿದೆ. ಬೀದಿಯ ಗದ್ದಲ ಎಲ್ಲೋ ದೂರದಲ್ಲಿದೆ. ಗಿರಾಕಿ ಬರುವಂತಿಲ್ಲ, ಬಂದರೂ ಅವಳನ್ನು ಕರೆಯುವಂತಿಲ್ಲ. ತಲೆಯ ಮೇಲೆ ಫ್ಯಾನು ತಿರುಗುತ್ತಿದೆ. ಅವಳು ಗೋಡೆಗೆ ಒರಗಿಸಿದ್ದ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ನೆಲಕ್ಕೆ ಹಾಸಿದಳು.

"ಏನು ಮಾಡ್ತಿದ್ದೀರಾ?" ಎಂದರು ಪ್ರಫುಲ್ಲಾ.

"ಮೇಡಂ, ಗಿರಾಕಿ ನಿಲ್ಲೋ ಕಡೆ ನಿಂತು ನಾನು ದುಡ್ಡು ಕೊಟ್ರೆ ಅದು ತಗೊಳ್ಳುತ್ತೆ. ಬಾಗಿಲೂ ತೆಗೆಯುತ್ತೆ."

"ಹಾಗಾದ್ರೆ ಕೊಡಿ."

"ಎದ್ದ ಮೇಲೆ ಕೊಡ್ತೀನಿ."

ಪ್ರಫುಲ್ಲಾ ಒಂದು ಹಂಡೆಯನ್ನು ಮಗುಚಿ ಹಾಕಿ ಅದರ ಮೇಲೆ ಕೂತು, ಚಪ್ಪಲಿ ಬಿಟ್ಟು, ಕಾಲು ಚಾಚಿಕೊಂಡರು.

"ನಿಧಾನಕ್ಕೆ ಏಳಿ" ಎಂದರು. "ನಂಗೂ ಇನ್ನೂ ಎರಡು ಅಂಗಡಿ ನೋಡೋದಿದೆ."

ಸರ್ವಮಂಗಳ ದೀಪ ಹಚ್ಚುವ ಹೊತ್ತಿಗೆ ಎದ್ದಳು. ಕೆನ್ನೆಯ ಮೇಲೆ ರಟ್ಟಿನ ಗೆರೆಗಳು ಮೂಡಿದ್ದವು. ಅಷ್ಟು ಸುಖವಾಗಿ ಅವಳು ತವರಿನಲ್ಲೂ ಮಲಗಿರಲಿಲ್ಲ. ರೂಪಾಯಿ ಕೊಟ್ಟು ತನ್ನದೇ ಅಂಗಡಿಯ ಚಮಚ ಕೊಂಡಳು. ಶಟರು ಎದ್ದಿತು. ಶಟರು ಇಳಿದ ಮೇಲೆ ಯಂತ್ರ ಒಮ್ಮೆಯೂ ನಿಲ್ಲಲಿಲ್ಲವೆಂದೂ, ಯೋಜನೆಯಿಂದ ಮಾಲೀಕರ ಶ್ರಮ ತಗ್ಗಿದ್ದನ್ನು ಕಣ್ಣಾರೆ ಕಂಡಿದ್ದೇನೆಂದೂ ಪ್ರಫುಲ್ಲಾ ಬರೆದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಎರಡನೇ ಕಂತಿನ ಜೊತೆ ಬ್ಯಾಟರಿಯೂ ಬಂತು. "ಬಿಚ್ಚಿ ಜೋಡಿಸ್ಲಾ?" ಎಂದು ಚಂದ್ರಮೌಳಿ ಕೇಳುತ್ತಲೇ ಇದ್ದಾರೆ. "ಒಳ್ಳೆ ದಿನ ನೋಡೋಣ ತಡೀರಿ" ಎಂದು ಸರ್ವಮಂಗಳ ಹೇಳುತ್ತಲೇ ಇದ್ದಾಳೆ. ಮಧ್ಯಾಹ್ನ ಕರೆಂಟು ಹೋಗಿ ಬರುತ್ತಲೂ ಅವಳು ಗಿರಾಕಿಯ ಹಾಗೆ ಗಲ್ಲಾಪತಿಯ ಮುಂದೆ ನಿಂತು, "ಇವತ್ತು ಏನೂ ಬೇಡಪ್ಪ" ಎನ್ನುತ್ತಾಳೆ. ಶಟರು ಇಳಿಯುತ್ತದೆ.

ಮೊನ್ನೆ ಪ್ರಫುಲ್ಲಾ ಫೋನ್ ಮಾಡಿ, ಬ್ಯಾಟರಿ ಉಪಯೋಗಕ್ಕೆ ಬರುತ್ತಿದೆಯೇ ಎಂದು ವಿಚಾರಿಸಿದರು.

"ದಿನಾ ಬರುತ್ತೆ ಮೇಡಂ" ಎಂದಳು ಸರ್ವಮಂಗಳ, ಆಕಳಿಸುತ್ತಾ. "ಅದರ ಪೆಟ್ಟಿಗೆ ಮೇಲೆ ಒಂದು ಟವಲ್ ಹಾಕ್ಕೊಂಡ್ರೆ ತಲೆಗೆ ಸರಿಯಾದ ಎತ್ತರ."