ದ್ವಾದಶಿಗೆ ಮೆಂತೆ ಪಲ್ಯ

ಇಷ್ಟಕ್ಕೆಲ್ಲ ಕಾರಣ ಇಮಾಮುದ್ದೀನನ ಹಿತ್ತಲಲ್ಲಿ ಬೆಳೆದ ಮೆಂತೆ. ಅದಕ್ಕೆ ಹುಳ ಹತ್ತಿದ್ದರೆ, ಗುಬ್ಬಿ ತಿಂದಿದ್ದರೆ, ನೀರಿಲ್ಲದೆ ಒಣಗಿದ್ದರೆ ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಕೆಲವರ ಹಣೆಬರಹ ನೋಡಿ, ಬೆಳೆ ಚೆನ್ನಾಗಿ ಬಂದೇ ಕೆಡುತ್ತಾರೆ.

ಇಮಾಮುದ್ದೀನನ ಮನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ, ನೌಕರಿ ಕಮಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ. ಎಂಟು ವರ್ಷದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಸೀಟು ಸಿಕ್ಕ ದಿನಗಳು ಅವನಿಗೆ ಹಬ್ಬದಂತೆ ನೆನಪಿವೆ. ಮೊಣಕಾಲು ಎರಡೂ ಸವೆದಿವೆ. ನಿವೃತ್ತಿಗೆ ಉಳಿದದ್ದು ಒಂದೂವರೆ ವರ್ಷ. ಆ ಒಂದೂವರೆ ವರ್ಷವಾದರೂ ಮನೆಯಿಂದ ನಡೆದು ಹೋಗುವಷ್ಟು ದೂರದ ಕುರ್ಚಿಯಲ್ಲಿ ಕಳೆಯಬೇಕು ಅನ್ನುವುದೊಂದೇ ಅವನ ಆಸೆ. ಆಷಾಢದಲ್ಲಿ ಕಲಬುರಗಿಯ ಕಚೇರಿಯಿಂದ ಪತ್ರ ಬಂದಿತ್ತು: ನಿಯೋಜನೆ ಮೇಲೆ ಒಬ್ಬ ಗುಮಾಸ್ತ ಬೇಕು, ಹೆಸರು ಕಳಿಸಿ. ಇಮಾಮುದ್ದೀನ ಅದೇ ದಿನ ಅರ್ಜಿ ಬರೆದುಕೊಟ್ಟ. ಅರ್ಜಿ ವೆಂಕಟೇಶ ಸಾಹೇಬರ ಮೇಜಿನ ಮೇಲೆ ಕೂತಿತು. ನಾಲ್ಕು ತಿಂಗಳಾದರೂ ಏಳಲಿಲ್ಲ.

ಏಳದಿರಲು ಕಾರಣವಿತ್ತು. ಸಾಹೇಬರು ವೈಷ್ಣವರು, ಚಾತುರ್ಮಾಸ್ಯ ಹಿಡಿದಿದ್ದರು. ಮೊದಲ ತಿಂಗಳು ಕಾಯಿಪಲ್ಯ ಬಿಟ್ಟರು. ಎರಡನೇ ತಿಂಗಳು ಮೊಸರು ಬಿಟ್ಟರು. ಮೂರನೇ ತಿಂಗಳು ಹಾಲು ಬಿಟ್ಟರು, ಅಂದರೆ ಹಾಲು ಹಾಕಿದ ಚಹಾವನ್ನೂ ಬಿಟ್ಟರು. ಆ ತಿಂಗಳು ಫೈಲು ಹಿಡಿದು ಒಳಗೆ ಹೋದವರು ಯಾರೂ ನಗುತ್ತಾ ಹೊರಗೆ ಬರಲಿಲ್ಲ. ನಾಲ್ಕನೇ ತಿಂಗಳು ಬೇಳೆ ಬಿಟ್ಟರು. ತೊಗರಿ ಬೆಳೆಯುವ ಸೀಮೆಯಲ್ಲಿ ಕೂತು ತೊಗರಿ ಬೇಳೆ ತಿನ್ನದ ಮನುಷ್ಯ ಇನ್ನೊಬ್ಬರಿಗೆ ಒಳ್ಳೆಯದಾಗಲಿ ಅಂತ ಸಹಿ ಹಾಕುವುದುಂಟೆ?

ದಸರೆ ಮುಗಿದ ಮೇಲೆ ಒಂದು ಮಧ್ಯಾಹ್ನ ಸಾಹೇಬರು ಫೈಲು ಮುಚ್ಚಿ ಕಿಟಕಿಯ ಕಡೆ ನೋಡಿದರು.

"ಇಮಾಮುದ್ದೀನ್, ಉತ್ಥಾನ ದ್ವಾದಶಿಗೆ ನಮ್ಮ ವ್ರತ ಮುಗೀತದ. ಅವತ್ತು ಮುಂಜಾನೆ ಪಾರಣಿಗೆ ಎಲಿ ಮ್ಯಾಲ ಮೊದಲ ಏನು ಬೀಳಬೇಕು, ಹೇಳ್ರಿ ನೋಡೂಣು?"

"ಏನ್ರಿ ಸಾಹೇಬ್ರ?"

"ಎಳೀ ಮೆಂತೆ ಪಲ್ಯಾ. ತೊಗರಿ ಬ್ಯಾಳಿ ಮೆತ್ತಗ ಕುದಿಸಿ, ಅದರಾಗ ಮೆಂತೆ ಹಾಕಿ, ಮ್ಯಾಲ ಇಂಗಿನ ಒಗ್ಗರಣಿ. ಆದರ ಪ್ಯಾಟ್ಯಾಗ ಸಿಗೋದು ಬಲಿತದ್ದು. ಬರೇ ನಾರು." ಸಾಹೇಬರು ಉಗುಳು ನುಂಗಿದ್ದು ಬಾಗಿಲ ತನಕ ಕೇಳಿಸಿತು.

ಅವತ್ತು ಸಂಜೆ ಬಸ್ಸಿನಲ್ಲಿ ನಿಂತಲ್ಲೇ ಇಮಾಮುದ್ದೀನನಿಗೆ ದಾರಿ ಹೊಳೆಯಿತು. ದ್ವಾದಶಿಗೆ ಇಪ್ಪತ್ತೇಳು ದಿನವಿತ್ತು, ಎಳೆ ಮೆಂತೆಗೆ ಸರಿಯಾಗಿ ಅಷ್ಟೇ ಬೇಕು. ಹಿತ್ತಲಿನ ಕರಿಮಣ್ಣಿನ ಹೆಂಟೆ ಒಡೆದು, ಗೊಬ್ಬರ ಬೆರೆಸಿ, ಕಾಳು ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಎಳೆದ. ದಿನಕ್ಕೆ ಎರಡು ಸಲ ಕೈಯಿಂದ ನೀರು ಚಿಮುಕಿಸಿದ. ಮೊಳಕೆಗೆ ಗುಬ್ಬಿ ಬಾಯಿ ಹಾಕದಂತೆ ಹೆಂಡತಿ ಅಕ್ಬರಿ ಬೇಗಂಳ ಹಳೆಯ ದುಪಟ್ಟಾ ಹೊದಿಸಿದ.

"ಮೂವತ್ತು ವರ್ಷದಾಗ ನನಗ ಒಂದು ಸಲನೂ ಹಿಂಗ ಹೊದಿಸಿಲ್ಲ ಜೀ ನೀವು," ಅಂದಳು ಅಕ್ಬರಿ ಬೇಗಂ. "ನನಗೂ ಒಂದು ಮುಷ್ಟಿ ಕೊಡ್ರಿ. ಬೆಳ್ಳುಳ್ಳಿ ಹಾಕಿ ಮಾಡ್ತೀನಿ, ಬಿಸಿ ರೊಟ್ಟಿ ಜೋಡಿ ತಿನ್ನೂಣು."

"ದ್ವಾದಶಿ ತನಕ ಒಂದು ಎಲಿ ಮುಟ್ಟಬ್ಯಾಡ. ಇದು ಪಲ್ಯಾ ಅಲ್ಲ, ಸಾಹೇಬ್ರ ಸಹಿ."

ಪಕ್ಕದ ಮನೆಯ ಸಾವಿತ್ರೀಬಾಯಿ ಗೋಡೆಯ ಆಚೆಯಿಂದ ಇದನ್ನೆಲ್ಲ ದಿನಾ ನೋಡುತ್ತಿದ್ದರು. ಅವರೂ ಚಾತುರ್ಮಾಸ್ಯದವರೇ. ಏಕಾದಶಿಯ ಸಂಜೆ, ಉಪವಾಸದ ಬಾಯಲ್ಲೇ ಪಾಠ ಹೇಳಿದರು.

"ಪಾರಣಿ ಪಲ್ಯಾ ಅಂದ್ರ ಹುಡುಗಾಟ ಅಲ್ರಿ ಭಾಯಿ. ಮುಂಜಾನೆ ಸ್ನಾನ ಮಾಡಿ ಕೀಳಬೇಕು. ಕಿತ್ತದ್ದು ನೆಲಕ್ಕ ಇಡಬಾರ್ದು. ಮತ್ತ ಬಸ್ಸಿನ್ಯಾಗ ಬಂದದ್ದು ಅಂತ ತಿಳದ್ರ ನಿಮ್ಮ ಸಾಹೇಬ್ರು ಕಣ್ಣೆತ್ತಿ ನೋಡಂಗಿಲ್ಲ. ನೂರು ಮಂದಿ ಚಪ್ಪಲಿ ಸಂದ್ಯಾಗ ಬಂದದ್ದು, ಯಾರು ತಿಂತಾರ?"

"ಹಂಗಾದ್ರ ಹ್ಯಾಂಗ ಒಯ್ಯಲಿ ಬಾಯಿ?"

"ಒಯ್ಯೋದು ಒಯ್ಯಿರಿ. ಹೇಳಬ್ಯಾಡ್ರಿ."

ದ್ವಾದಶಿಯ ದಿನ ಐದಕ್ಕೇ ಎದ್ದು, ತಣ್ಣೀರು ಸುರಿದುಕೊಂಡು, ನಡುಗುತ್ತಾ ಹಿತ್ತಲಿಗೆ ಹೋದರೆ ಸಾವಿತ್ರೀಬಾಯಿ ಬುಟ್ಟಿ ಹಿಡಿದು ಗೋಡೆಯ ಹತ್ತಿರ ನಿಂತಿದ್ದರು. "ನನಗೂ ಪಾರಣಿ ಅದ ಅಲ್ರಿ," ಅಂದರು. ನಿನ್ನೆಯಿಂದ ನೀರು ಮುಟ್ಟದ ಹೆಂಗಸಿಗೆ ಇಲ್ಲ ಅನ್ನುವುದು ಹೇಗೆ? ಆ ಕಡೆಯದು ಎಳೆಯದು, ಈ ಕಡೆಯದು ಹಸಿರು ಅಂತ ಬೆರಳು ಮಾಡಿ ಮಾಡಿ ಅರ್ಧ ಪಾತಿ ಕೀಳಿಸಿಕೊಂಡರು. ಉಳಿದರ್ಧವನ್ನು ಇಮಾಮುದ್ದೀನ ಬೇರು ತೊಳೆದು, ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎದೆಗೆ ಅವುಚಿಕೊಂಡು ಹೊರಟ. ಪಾತಿಯಲ್ಲಿ ಬರಿ ಮಣ್ಣು ಉಳಿಯಿತು. ಅಕ್ಬರಿ ಬೇಗಂ ತನ್ನ ದುಪಟ್ಟಾ ಕೊಡವಿ ಒಳಗೆ ಒಯ್ದಳು.

ಆರರ ಬಸ್ಸು ತುಂಬಿ ತುಳುಕುತ್ತಿತ್ತು. ನೆಲಕ್ಕೆ ಇಡುವ ಹಾಗಿಲ್ಲ, ಕಂಕುಳಲ್ಲಿ ಒತ್ತಿದರೆ ಎಲೆ ನಲುಗುತ್ತದೆ. ಇಮಾಮುದ್ದೀನ ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಕಂಬಿಯನ್ನೂ ಹಿಡಿದ. ಒದ್ದೆ ಬಟ್ಟೆಯ ನೀರು ಅವನ ಕುತ್ತಿಗೆಯಲ್ಲಿ ಇಳಿದು, ಅಲ್ಲಿಂದ ಸೀಟಿನಲ್ಲಿ ಕೂತವನ ಇಸ್ತ್ರಿ ಅಂಗಿಯ ಮೇಲೆ ತೊಟ್ಟಿಕ್ಕಿತು.

"ಏನ್ರಿ ಯಜಮಾನ್ರ, ತೆಲಿ ಸೋರಾಕತ್ತದಲ್ಲ!" ಅಂದ ಅವನು.

"ಚಾಚಾ, ಗಂಟು ಕೆಳಗ ಇಡ್ರಿ," ಅಂತ ಕಂಡಕ್ಟರ್ ಕೂಗಿದ.

"ಇಡಾಕ ಬರಂಗಿಲ್ಲಪ್ಪ."

"ಯಾಕ, ಒಳಗ ಹಾವು ಅದ ಏನು?"

ಇಡೀ ಬಸ್ಸು ನಕ್ಕಿತು. ಇಮಾಮುದ್ದೀನ ಹಲ್ಲು ಕಚ್ಚಿ ನಿಂತ. ಇದು ಕೊನೆಯ ಸಲ, ಇನ್ನು ಈ ಬಸ್ಸಿನ ಮುಖ ನೋಡುವುದಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡ. ಅಂದುಕೊಂಡದ್ದು ಬಸ್ಸಿಗೆ ಕೇಳಿಸಿತೋ ಏನೋ, ಮಹಾಗಾಂವ ಕ್ರಾಸಿನ ಹತ್ತಿರ ಢಬ್ ಅಂತ ಟೈರು ಒಡೆಯಿತು.

ಡ್ರೈವರ್ ಇಳಿದು ಟೈರು ನೋಡಿದ, ಆಕಾಶ ನೋಡಿದ, ಚಹಾದ ಅಂಗಡಿಗೆ ಹೋದ. ಪಾರಣೆ ಎಂಟರೊಳಗೆ ಮುಗಿಯಬೇಕು. ಗಂಟೆ ಏಳಕ್ಕೆ ಬಂದಿತ್ತು. ಕೈ ಮಾಡಿದರೆ ಯಾವ ಗಾಡಿಯೂ ನಿಲ್ಲಲಿಲ್ಲ. ತಲೆಯ ಮೇಲೆ ಬಿಳಿ ಗಂಟು ಹೊತ್ತು ರಸ್ತೆಯ ನಡುವೆ ಕುಣಿಯುವ ಮುದುಕನಿಗೆ ಯಾರು ನಿಲ್ಲಿಸುತ್ತಾರೆ?

ನಿಂತದ್ದು ತನ್ವೀರನ ಮೋಟಾರ್ ಸೈಕಲ್ಲು. ತನ್ವೀರ ಅದೇ ಕಚೇರಿಯ ಇನ್ನೊಬ್ಬ ಗುಮಾಸ್ತ, ಕಮಲಾಪುರದಲ್ಲೇ ಮನೆ. ಹೆಂಡತಿ ತಬಸ್ಸುಮ್ ಕಲಬುರಗಿಯವಳು; ವಾರಕ್ಕೊಮ್ಮೆ ತವರಿಗೆ ಕರೆದುಕೊಂಡು ಹೋಗದಿದ್ದರೆ ಅವನಿಗೆ ಊಟ ಸಿಗುತ್ತಿರಲಿಲ್ಲ. ಈಗಲೂ ತವರಿನಿಂದ ವಾಪಸ್ಸು ಬರುತ್ತಾ ಅವಳು ಹಿಂದೆ ಕೂತಿದ್ದಳು.

"ಚಾಚಾ, ನಿಮ್ಮನ್ನ ಕೂಡಿಸ್ಕೊಳ್ಳಾಕ ಜಾಗಾ ಇಲ್ಲಲ್ಲ," ಅಂದ ತನ್ವೀರ.

"ನಾ ಬ್ಯಾಡಪ್ಪ, ಈ ಗಂಟು ಒಯ್ಯಿ. ಸೀದಾ ಸಾಹೇಬ್ರ ಮನಿಗಿ ಕೊಡು. ನೆಲಕ್ಕ ಇಡಬ್ಯಾಡ. ಮತ್ತ ಕೇಳು, ಬಸ್ಸಿನ್ಯಾಗ ಬಂದದ್ದು ಅಂತ ಅಪ್ಪಿತಪ್ಪಿ ಅನಬ್ಯಾಡ. ಈಗ ಕಿತ್ತದ್ದು ಅನ್ನು. ಈಗಿಂದೀಗ ಕಿತ್ತದ್ದು. ತಿಳೀತಿಲ್ಲೊ?"

"ಫಿಕರ್ ಮಾಡಬ್ಯಾಡ್ರಿ ಚಾಚಾ. ನೀವು ಹೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಆಡಂಗಿಲ್ಲ."

ತಬಸ್ಸುಮ್ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಗಾಡಿ ಕಣ್ಮರೆಯಾದ ಮೇಲೆ ಇಮಾಮುದ್ದೀನ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತ. ತಿಂಗಳಲ್ಲಿ ಮೊದಲ ಸಲ ಹಗುರ ಅನ್ನಿಸಿತು.

ಅವನು ಕಚೇರಿ ಮುಟ್ಟಿದಾಗ ಹತ್ತೂವರೆ. ತನ್ವೀರ ಟೇಬಲ್ಲಿನ ಕೆಳಗೆ ಏನೋ ಹುಡುಕುತ್ತಿದ್ದ, ತಲೆ ಎತ್ತಲಿಲ್ಲ. ಒಳಗಿನಿಂದ ಸಾಹೇಬರ ದನಿ ಬಂತು.

"ಇಮಾಮುದ್ದೀನ್, ಬರ್ರಿ. ಕೂಡ್ರಿ, ಕೂಡ್ರಿ."

ಎಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅವನಿಗೆ ಕೂಡ್ರಿ ಅಂದವರಿಲ್ಲ. ಸಾಹೇಬರ ಮುಖ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

"ಏನು ಪಲ್ಯಾ ಅಂತೀರಿ! ಬಾಯಾಗ ಇಟ್ರ ಕರಗಿ ಹೋತು. ನಮ್ಮ ಮನಿಯಾಕಿ ಮೃದುಲಾ ಮೂರು ಸಲ ಬಡಿಸಿದಳು. ಕೈ ತೊಳಕೊಂಡು ಬಂದವನ ಮೊದಲ ಆ ಕಲಬುರಗಿ ಪತ್ರಕ್ಕ ಸಹಿ ಮಾಡಿದೆ ನೋಡ್ರಿ. ಹೋಗಿನೂ ಬಿಟ್ಟದ."

ಇಮಾಮುದ್ದೀನನ ಕಣ್ಣು ಮಂಜಾದವು. "ನಿಮ್ಮ ಉಪಕಾರ ಸಾಹೇಬ್ರ..."

"ನಂದೇನು ಉಪಕಾರ? ತನ್ವೀರ ಅದಕ್ಕ ತಕ್ಕ ಹುಡುಗ. ಅವನ ಹೆಸರು ಬರದೆ."

ಮೊಣಕಾಲಿನ ನೋವು ಎದೆಗೆ ಬಂದಂತಾಯಿತು. ಸಾಹೇಬರು ತಮ್ಮ ಖುಷಿಯಲ್ಲೇ ಇದ್ದರು.

"ಅವಂದೂ ಅರ್ಜಿ ಇತ್ತಲ್ಲ, ಹೆಂಡತಿ ಊರು ಅಂತ. ಮೃದುಲಾ ಕೇಳಿದಳು, ಯಾವಾಗ ಕಿತ್ತದ್ದಪ್ಪ ಅಂತ. ಈಗಿಂದೀಗ ಕಿತ್ತದ್ದು ಅಂದ. ಈಗ ಕಿತ್ತದ್ದು ಅಂದ್ರ ಇಲ್ಲೇ ಅವನ ಹಿತ್ತಲದ್ದೇ ಆಗಬೇಕಲ್ಲ? ನಿಂದೇ ಏನೊ ಅಂದ್ರ ತೆಲಿ ತೆಗ್ಗಿಸಿದ. ಹೇಳಿಕೊಳ್ಳೋ ಸ್ವಭಾವ ಅಲ್ಲ. ಸುಳ್ಳು ಹೇಳಿ ಕೆಲಸ ಮಾಡಿಸ್ಕೊಳ್ಳೋ ಮಂದಿ ಕಂಡ್ರ ನನಗ ಆಗಂಗಿಲ್ಲ, ನಿಮಗ ಗೊತ್ತದ."

"ಸಾಹೇಬ್ರ, ಆ ಪಲ್ಯಾ..."

"ನಿಮಗೂ ಬೇಕೇನು? ತನ್ವೀರಗ ಹೇಳ್ತೀನಿ ಬಿಡ್ರಿ."

ಇಮಾಮುದ್ದೀನ ಕೂತಿದ್ದ ಕುರ್ಚಿಯಿಂದ ಎದ್ದ. ಸುಳ್ಳು ತನ್ನದೇ, ಪಾಠ ಮಾಡಿ, ತಿಳೀತಿಲ್ಲೊ ಅಂತ ಬೇರೆ ಕೇಳಿ ಕಳಿಸಿದವನು ತಾನೇ. ಈಗ ಯಾರ ಮೇಲೆ ಸಿಟ್ಟು ಮಾಡುವುದು?

"ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕಲ್ರಿ," ಅಂದರು ಸಾಹೇಬರು. "ಇನ್ನು ಪ್ರತಿ ದ್ವಾದಶಿಗೆ ನನಗ ಅದೇ ಮೆಂತೆ ಬೇಕು. ಕಲಬುರಗ್ಯಾಗೂ ಬೆಳೀತಿಯಲ್ಲೊ ಅಂದ್ರ ತನ್ವೀರ ಅದಕ್ಕೂ ಗೋಣು ಹಾಕಿದ. ಅವನ ಕಡಿಂದ ಇಸ್ಕೊಂಡು ನೀವು ತರ್ರಿ. ಹ್ಯಾಂಗೂ ದಿನಾ ಬರೋರು, ನಿಮಗ ರೂಢಿ ಆಗ್ಯದ."

ಇಮಾಮುದ್ದೀನ ಕೊನೆಯ ಹುಲ್ಲುಕಡ್ಡಿ ಹಿಡಿದ. "ಬಸ್ಸಿನ್ಯಾಗ ಬಂದದ್ದು ನಡೀತದೇನ್ರಿ ಸಾಹೇಬ್ರ, ಪಾರಣಿಗೆ?"

ಸಾಹೇಬರು ಗಟ್ಟಿಯಾಗಿ ನಕ್ಕರು. "ಯಾಕ ನಡಿಯಂಗಿಲ್ಲ? ಎರಡು ನೀರಿನ್ಯಾಗ ತೊಳದ್ರ ಮುಗೀತು. ಯಾವ ಕಾಲದಾಗ ಇದ್ದೀರ್ರಿ ನೀವು?"

ಹೊರಗೆ ತನ್ವೀರ ಕಾಯುತ್ತಿದ್ದ. "ಖರೇ ಹೇಳ್ತೀನಿ ಚಾಚಾ, ನೀವು ಹೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿಲ್ಲ," ಅಂದ. ಅದು ನಿಜವೇ ಆಗಿತ್ತು. ಆಮೇಲೆ ತಗ್ಗಿದ ದನಿಯಲ್ಲಿ, "ಮುಂದಿನ ದ್ವಾದಶಿದ್ದು ನೀವೇ ನೋಡ್ಕೊಳ್ರಿ ಚಾಚಾ. ನನಗ ಮೆಂತೆ ಯಾವುದು, ಕೊತ್ತಂಬರಿ ಯಾವುದು ತಿಳಿಯಂಗಿಲ್ಲ," ಅಂದ.

ಸಂಜೆಯ ಬಸ್ಸಿನಲ್ಲೂ ಸೀಟು ಸಿಗಲಿಲ್ಲ. ಮನೆಗೆ ಬಂದಾಗ ಅಕ್ಬರಿ ಬೇಗಂ ರೊಟ್ಟಿಯ ಪಕ್ಕಕ್ಕೆ ಬದನೆಕಾಯಿ ಬಡಿಸಿದಳು. ಮೆಂತೆ ಎಲ್ಲಿ ಉಳಿದಿತ್ತು? ಅವನು ಎರಡು ತುತ್ತು ತಿಂದು, ಕಾಳಿನ ಡಬ್ಬಿ ಹಿಡಿದು ಹಿತ್ತಲಿಗೆ ಹೋದ. ಮುಂದಿನ ದ್ವಾದಶಿಗೆ ಹದಿನೈದೇ ದಿನ, ಅಷ್ಟರಲ್ಲಿ ಮೆಂತೆ ಬರುವುದಿಲ್ಲ. ಆ ಸಲಕ್ಕೆ ಸ್ಟೇಶನ್ ಬಜಾರಿನಲ್ಲೇ ಎಳೆಯದು ಹುಡುಕಬೇಕು. ಅದರ ಮುಂದಿನದಕ್ಕೆ ಈಗಲೇ ಬಿತ್ತಬೇಕು. ಮೊಣಕಾಲು ಊರಿ ಕೂತು ಮಣ್ಣು ಕೆದರಿದ.

ಗೋಡೆಯ ಆಚೆಯಿಂದ ಸಾವಿತ್ರೀಬಾಯಿ ತೇಗಿದರು. "ಪಲ್ಯಾ ಭಾಳ ಛಲೋ ಇತ್ರಿ ಭಾಯಿ. ಮತ್ತ ಬಿತ್ತಾಕತ್ತೀರಿ? ಯಾರಿಗಂತ?"

ಇಮಾಮುದ್ದೀನ ತಲೆ ಎತ್ತಲಿಲ್ಲ.

"ಇದು ನಂದಲ್ರಿ ಬಾಯಿ," ಅಂದ. "ತನ್ವೀರನ ಹಿತ್ತಲ."